ಕಿಟಕಿಯಲ್ಲಿ ಕೂತ ಪಟ್ಟದ ರಾಜ

ನನ್ನ ಮಗಳಿಗೆ ಕಲ್ಪನೆಯ ಆಟ ಬರುವುದಿಲ್ಲ ಎಂದು ನನಗೆ ತಿಳಿಸಿದವರು ಸಿಡ್ನಿಯ ಒಬ್ಬ ಸಜ್ಜನ ಹೆಂಗಸು. ಕ್ಲಿನಿಕ್ಕಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಪ್ಲಾಸ್ಟಿಕ್ ಪಾಪುವನ್ನೂ ಒಂದು ಪುಟ್ಟ ಹೊದಿಕೆಯನ್ನೂ ಮಗಳ ಮುಂದಿಟ್ಟು, ಪಾಪುಗೆ ಸುಸ್ತಾಗಿದೆ, ಮಲಗಿಸುತ್ತೀಯಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಗಳಿಗೆ ಆಗ ನಾಲ್ಕು ವರ್ಷ. ಅವಳು ಪಾಪುವಿನ ಕೂದಲನ್ನು ಮೂಸಿ ನೋಡಿದಳು. ಹೊದಿಕೆಯನ್ನು ಮುಟ್ಟಿ, ಬಿಸಿ ತಾಗಿದವಳ ಹಾಗೆ ಕೈ ಎಳೆದುಕೊಂಡಳು. ಆಮೇಲೆ ಅಲ್ಲಿದ್ದ ಬಟ್ಟಲು, ಚಮಚ, ಬಾಚಣಿಗೆ, ಕಾರು, ಕುದುರೆ ಎಲ್ಲವನ್ನೂ ಒಂದೊಂದಾಗಿ ಎತ್ತಿ ಗೋಡೆಯುದ್ದಕ್ಕೂ ಸಾಲಾಗಿ ಇಟ್ಟಳು. ಆ ಸಾಲು ಎಷ್ಟು ನೇರವಾಗಿತ್ತೆಂದರೆ ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಆ ಹೆಂಗಸಿಗೆ ಹೆಮ್ಮೆಯಾಗಲಿಲ್ಲ. ನಿಧಾನವಾಗಿ, ನಡುನಡುವೆ ನನ್ನ ಮುಖ ನೋಡುತ್ತ, ಇದು ಆಟಿಸಂ ಎಂದರು. ಹೀಗೆ ಸಾಲು ಜೋಡಿಸುವುದು ಅದರ ಒಂದು ಗುರುತು. ಗೊಂಬೆಯನ್ನು ಮಗು ಎಂದುಕೊಂಡು ಆಡುವುದು ಇವಳಿಗೆ ಬಂದಿಲ್ಲ. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎನ್ನುವುದು ಇವಳ ಊಹೆಗೆ ಸಿಗುವುದು ಮುಂದೆಯೂ ಕಷ್ಟವಾಗಬಹುದು. ಇಷ್ಟು ಹೇಳಿ ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ನನಗೆ ಅಳು ಬರಲಿಲ್ಲ, ಕೆಟ್ಟ ನಗು ಬಂತು. ಸಾಲಾಗಿ ಗೊಂಬೆ ಜೋಡಿಸುವುದು ಕಾಯಿಲೆಯ ಗುರುತಾಗಿದ್ದರೆ, ದಸರೆ ಬಂದಾಗ ಮೈಸೂರಿನಲ್ಲಿ ನನ್ನ ತವರಿನ ಬೀದಿಗೆ ಬೀದಿಯೇ ಆ ಕ್ಲಿನಿಕ್ಕಿನ ಮುಂದೆ ನಿಲ್ಲಬೇಕಾಗಿತ್ತು. ಇದನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಥ್ಯಾಂಕ್ಯೂ ಎಂದು ಎದ್ದು ಬಂದೆ.

ಟ್ರೇನಿನಲ್ಲಿ ಮನೆಗೆ ಬರುವಾಗ ಮಗಳು ನನ್ನ ತೊಡೆಯ ಮೇಲೆ ಕೂತು ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಕೆನ್ನೆಗೆ ಉಜ್ಜಿಕೊಳ್ಳುತ್ತಿದ್ದಳು. ಅದು ನನ್ನ ಒಂದು ಹಳೆಯ ಕಾಟನ್ ಸೀರೆಯ ತುಂಡು. ಒಗೆದು ಒಗೆದು ಬಣ್ಣ ಹೋಗಿತ್ತು. ಊಟಕ್ಕೆ, ಸ್ನಾನಕ್ಕೆ, ಡಾಕ್ಟರ ಹತ್ತಿರಕ್ಕೆ, ಎಲ್ಲಿಗೆ ಹೋದರೂ ಅದು ಕೈಯಲ್ಲಿರಬೇಕು. ಒಗೆಯಲು ಹಾಕಿದರೆ ಮೆಷಿನ್ ನಿಲ್ಲುವವರೆಗೂ ಅದರ ಗಾಜಿನ ಬಾಗಿಲ ಮುಂದೆ ಕೂತಿರುತ್ತಿದ್ದಳು. ಅವಳ ನೆತ್ತಿಯನ್ನು ನೋಡುತ್ತ ನನಗೆ ಆ ಹೆಂಗಸಿನ ಕೊನೆಯ ಮಾತೊಂದೇ ನೆನಪಾಗುತ್ತಿತ್ತು. ಇನ್ನೊಬ್ಬರ ಮನಸ್ಸು ಇವಳ ಊಹೆಗೆ ಸಿಗುವುದಿಲ್ಲವಾದರೆ ನಾನು ಇವಳಿಗೆ ಯಾರು? ಅನ್ನ ಕಲಸುವ, ತಲೆ ಬಾಚುವ ಎರಡು ಕೈಗಳು ಮಾತ್ರವೇ? ಮಾತು ಬರದಿದ್ದರೆ ಹೋಗಲಿ, ಓದು ಬರದಿದ್ದರೂ ಹೋಗಲಿ. ಇವಳಿಗೆ ನಾನು ಕಾಣಿಸುತ್ತೇನೆಯೇ ಎನ್ನುವುದು ಒಂದು ಗೊತ್ತಾದರೆ ಸಾಕಿತ್ತು ನನಗೆ. ಅದನ್ನು ಹೇಳುವವರು ಯಾರೂ ಇರಲಿಲ್ಲ.

ಹೇಳುವವರು ಇರಲಿಲ್ಲವೆಂದಲ್ಲ, ನಮ್ಮ ಜನ ಇದ್ದರು. ಕ್ಲಿನಿಕ್ಕಿನವರು ಇವಳಲ್ಲಿ ಏನೂ ಇಲ್ಲ ಎಂದರೆ ನಮ್ಮವರು ಇವಳಲ್ಲಿ ಏನೋ ಭಾರಿಯಾದದ್ದು ಇದ್ದೇ ಇದೆ ಎನ್ನುತ್ತಿದ್ದರು. ಸಿಡ್ನಿಯಲ್ಲಿ ಯಾರ ಮನೆಯ ಊಟಕ್ಕೆ ಹೋದರೂ ಪ್ಲೇಟು ಕೈಗೆ ಬರುವ ಮೊದಲೇ ಪ್ರಶ್ನೆ ಬರುತ್ತಿತ್ತು. "ಇಂಥಾ ಮಕ್ಕಳಿಗೆ ಏನಾದ್ರೂ ಒಂದು ಸ್ಪೆಷಲ್ ಟ್ಯಾಲೆಂಟ್ ಇದ್ದೇ ಇರತ್ತಂತಲ್ಲ, ನಿಮ್ಮ ಮಗಳಿಗೆ ಏನು?" ಒಬ್ಬ ಐಟಿ ಅಂಕಲ್ ಅಂತೂ ತಾವು ಹುಟ್ಟಿದ ತಾರೀಕು ಹೇಳಿ, ಅದು ಯಾವ ವಾರ ಹೇಳು ಪುಟ್ಟಿ ಎಂದು ಅವಳ ಮುಂದೆ ಬಗ್ಗಿ ನಿಂತರು. ಅವಳು ಅವರ ಅಂಗಿಯ ಗುಂಡಿಯನ್ನು ನೆಕ್ಕಿದಳು. ಇನ್ನೊಬ್ಬರು ಕೀಬೋರ್ಡ್ ತಂದುಕೊಟ್ಟರು, ಮತ್ತೊಬ್ಬರು ಬಣ್ಣದ ಡಬ್ಬಿ ಕೊಟ್ಟರು. ಕೀಬೋರ್ಡಿನ ವೈರನ್ನು ಅವಳು ಕಾರ್ಪೆಟ್ಟಿನ ಅಂಚಿಗೆ ನೇರವಾಗಿ ಹಾಸಿದಳು. ಬಣ್ಣದ ಟ್ಯೂಬುಗಳ ಮುಚ್ಚಳವನ್ನೂ ತೆಗೆಯದೆ ಸಾಲಾಗಿ ಇಟ್ಟಳು. ಅವಳಿಗೆ ಏನಾದರೂ ಬರಲೇಬೇಕೆಂಬ ಆಸೆ ನನಗೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಅವಳು ಸಾಧಾರಣವಾಗಿರುವ ಅವಕಾಶವನ್ನೂ ಇವರು ಕಿತ್ತುಕೊಳ್ಳುತ್ತಿದ್ದಾರಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಉರಿದು ಉರಿದು ಕೊನೆಗೆ ಉಳಿಯುತ್ತಿದ್ದದ್ದು ಸುಸ್ತು.

ಅವಳಿಗೆ ಒಂಬತ್ತಾಗುವ ಹೊತ್ತಿಗೆ ಮೆಲ್ಬರ್ನಿನ ಆಗ್ನೇಯ ಮೂಲೆಯ ಒಂದು ವಿಶೇಷ ಶಾಲೆಯಲ್ಲಿ ಜಾಗ ಸಿಕ್ಕಿತು. ಸಿಡ್ನಿಯಲ್ಲಿ ಕಾದು ಕಾದು ಸಾಕಾಗಿತ್ತು. ಸಾಮಾನನ್ನು ಲಾರಿಗೆ ಹಾಕಿ, ನಾವು ಮೂವರೂ ಕಾರಿನಲ್ಲಿ ಹೊರಟೆವು. ಬೆಳಿಗ್ಗೆಯಿಂದ ಸಂಜೆಯವರೆಗೂ ಒಂದೇ ರಸ್ತೆ. ಗೌಲ್‌ಬರ್ನ್ ಊರಿನಲ್ಲಿ ಕಾಂಕ್ರೀಟಿನ ಒಂದು ಮಹಾ ಕುರಿ ನಿಂತಿದೆ, ಮೂರು ಅಂತಸ್ತಿನ ಮನೆಯಷ್ಟು ಎತ್ತರ. ಮಗಳು ಅದರ ಕೆಳಗೆ ನಿಂತವಳು ಅಲ್ಲಾಡಲೇ ಇಲ್ಲ. ಅಪ್ಪ ಎತ್ತಿಕೊಂಡು ಕಾರಿಗೆ ಹಾಕಬೇಕಾಯಿತು. ಕ್ರಾನ್‌ಬರ್ನಿನಲ್ಲಿ ಶಾಲೆಗೆ ಹತ್ತಿರದ ಬಾಡಿಗೆ ಮನೆಗೆ ನಮ್ಮನ್ನು ಸೇರಿಸಿ ನಮ್ಮ ಯಜಮಾನರು ಸಿಡ್ನಿಯ ಕೆಲಸಕ್ಕೆ ವಾಪಸು ಹೋದರು. ಎರಡು ವಾರಕ್ಕೊಮ್ಮೆ ಶುಕ್ರವಾರದ ಫ್ಲೈಟಿಗೆ ಬಂದು ಭಾನುವಾರ ಸಂಜೆ ಹೊರಡುವುದು. "ಇಲ್ಲೇ ಕೆಲಸ ಸಿಗೋವರೆಗೆ ಅಷ್ಟೇ ಕಣೇ" ಎಂದಿದ್ದರು. ಸಿಗೋವರೆಗೆ ಎನ್ನುವುದು ಚಳಿಗಾಲವನ್ನೂ ದಾಟಿತು.

ಅಪ್ಪ ಹೋದಾಗ ಮಗಳು ಅಳಲಿಲ್ಲ. ಬಂದಾಗ ಓಡಿ ಹೋಗಿ ಅಪ್ಪಿಕೊಳ್ಳಲೂ ಇಲ್ಲ. ಫೋನನ್ನು ಕಿವಿಗೆ ಹಿಡಿದರೆ ದೂರ ತಳ್ಳುತ್ತಿದ್ದಳು. ಸಿಡ್ನಿಯ ನಮ್ಮ ಸ್ಟೇಷನ್ನಿನ ಅನೌನ್ಸ್‌ಮೆಂಟನ್ನು ಮಾತ್ರ ಅದೇ ಧ್ವನಿಯಲ್ಲಿ, ಅದೇ ರಾಗದಲ್ಲಿ ಹಗಲೆಲ್ಲ ಹೇಳುತ್ತಿದ್ದಳು. "ನನ್ನ ಗುರುತಾದ್ರೂ ಇದೆಯೇನೇ ಅವಳಿಗೆ?" ಎಂದು ಅವರು ಒಮ್ಮೆ ಏರ್‌ಪೋರ್ಟಿನಿಂದ ಫೋನು ಮಾಡಿ ಕೇಳಿದರು. ಇದೆ ರೀ ಎಂದೆ. ನನಗೇನು ಗೊತ್ತಿತ್ತು, ಮಣ್ಣು.

ಆ ವರ್ಷ ದಸರೆಗೆ ಗೊಂಬೆ ಕೂರಿಸುವುದೇ ಬೇಡ ಎಂದುಕೊಂಡಿದ್ದೆ. ಶಾಲೆಗೆ ಸ್ಪ್ರಿಂಗ್ ರಜೆ, ಮಗಳು ಹಗಲೆಲ್ಲ ಮನೆಯಲ್ಲಿ, ಮ್ಯಾಗ್‌ಪೈ ಹಕ್ಕಿಗಳು ತಲೆಗೆ ಕುಕ್ಕುವ ಕಾಲವಾದ್ದರಿಂದ ಪಾರ್ಕಿಗೂ ಹೋಗುವ ಹಾಗಿಲ್ಲ. ಆದರೆ ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಯಲ್ಲೇ ಬಿಡಲು ಮನಸ್ಸಾಗಲಿಲ್ಲ. ಮರದ ರಾಜ, ಮರದ ರಾಣಿ. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟದ್ದು. ಅವುಗಳನ್ನು ಈ ದೇಶಕ್ಕೆ ತರುವಾಗ ಸಿಡ್ನಿ ಏರ್‌ಪೋರ್ಟಿನಲ್ಲಿ ಆಫೀಸರು ಜರಿಯ ಸೀರೆ ಪಂಚೆಗಳನ್ನು ಬಿಚ್ಚಿಸಿ, ಎಲ್ಲಾದರೂ ಹುಳು ಕೊರೆದ ತೂತು ಇದೆಯೇ ಎಂದು ಟಾರ್ಚು ಹಾಕಿ ನೋಡಿದ್ದ. ಯಾರು ಇವರು ಎಂದು ಕೇಳಿದ. ರಾಜ, ರಾಣಿ ಎಂದೆ. ಎಲ್ಲಿಯ ರಾಜ ಎಂದ. ನಮ್ಮ ಮನೆಯವನು ಎಂದೆ. ಅವನು ನಕ್ಕು ಇಬ್ಬರನ್ನೂ ಬಿಟ್ಟಿದ್ದ.

ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಗಳನ್ನೇ ಒಂದರ ಮೇಲೊಂದು ಇಟ್ಟು, ಮೇಲೆ ಬಿಳಿ ಪಂಚೆ ಹಾಸಿ ಐದು ಮೆಟ್ಟಿಲು ಮಾಡಿದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು. ಅವು ಜೋಡಿಯಾಗಿಯೇ ಇರಬೇಕು, ಬೇರೆ ಮಾಡಬಾರದು, ವಿಜಯದಶಮಿಯ ಸಂಜೆ ಮಲಗಿಸುವವರೆಗೂ ನಿಂತೇ ಇರಬೇಕು. ಇದು ಕಟ್ಟುನಿಟ್ಟು. ಕೆಳಗೆ ಅಂಗಡಿ ಶೆಟ್ಟಿ ದಂಪತಿಗಳು, ಓಲಗದವರು, ಹಸು ಕರು, ಮಗಳ ಪ್ಲಾಸ್ಟಿಕ್ ಪ್ರಾಣಿಗಳು, ಕೊನೆಗೆ ಗಿಫ್ಟ್ ಶಾಪಿನ ಕೋಲಾ, ಕಾಂಗರೂ. ಮಗಳು ಗೋಡೆಗೆ ಒರಗಿ ಸೀರೆಯ ತುಂಡನ್ನು ಕೆನ್ನೆಗೆ ಉಜ್ಜುತ್ತ ನೋಡುತ್ತಿದ್ದಳು.

ನಾನು ಅಡಿಗೆಮನೆಗೆ ಹೋಗಿ ಬರುವುದರೊಳಗೆ ರಾಜ ಕಿಟಕಿಯಲ್ಲಿದ್ದ. ರಸ್ತೆ ಕಾಣುವ ಮುಂದಿನ ಕಿಟಕಿಯ ಕಟ್ಟೆಯ ಮೇಲೆ, ಒಬ್ಬನೇ, ಮನೆಯ ಕಡೆ ಮುಖ ಮಾಡಿಕೊಂಡು. ಮೆಟ್ಟಿಲಿನಿಂದ ಕಿಟಕಿಯವರೆಗೆ ಕಾರ್ಪೆಟ್ಟಿನ ಮೇಲೆ ಉದ್ದ ಸಾಲು. ಹಸು, ಓಲಗದವರು, ಶೆಟ್ಟಿ, ಕೋಲಾ, ಒಬ್ಬರ ಹಿಂದೆ ಒಬ್ಬರು. ಸಾಲಿನ ನಡುವೆ ಸ್ವಲ್ಪ ಜಾಗ ಬಿಟ್ಟು ಒಂದು ಪ್ಲಾಸ್ಟಿಕ್ ಕುರಿ, ಮತ್ತೆ ಜಾಗ ಬಿಟ್ಟು ಸಾಲು ಮುಂದಕ್ಕೆ. ಮೇಲಿನ ಮೆಟ್ಟಿಲಲ್ಲಿ ರಾಣಿ ಒಂಟಿ. ಮತ್ತದೇ ಸಾಲು ಎಂದು ಉಸ್ಸೆಂದು, ಎಲ್ಲವನ್ನೂ ಎತ್ತಿ ಅದರದರ ಜಾಗದಲ್ಲಿಟ್ಟೆ. ಅವಳು ಕಿರುಚಿ ತನ್ನ ಮಣಿಕಟ್ಟನ್ನು ಕಚ್ಚಿಕೊಂಡಳು. ನಾನು ಒಲೆಯ ಕಡೆ ತಿರುಗಿದ ಕೂಡಲೇ ರಾಜ ಮತ್ತೆ ಕಿಟಕಿಗೆ ಹೋದ. ಮಾರನೆಯ ದಿನವೂ ಇದೇ ರಾಮಾಯಣ.

ಕ್ರೇಗಿಬರ್ನಿನಿಂದ ಒಬ್ಬ ಹಿರಿಯ ಆಂಟಿ ಬರುತ್ತಿದ್ದರು. ಮೈಸೂರಿನವರೇ. ಮಗನ ಕೈಯಲ್ಲಿ ಕಾರು ಓಡಿಸಿಕೊಂಡು, ಊರಿನ ಉತ್ತರದ ಆ ತುದಿಯಿಂದ ದಕ್ಷಿಣದ ಈ ತುದಿಗೆ, ಕುಂಕುಮಕ್ಕೆಂದು. ಶಾಸ್ತ್ರದ ವಿಷಯದಲ್ಲಿ ಅವರ ಮಾತೇ ಕೊನೆ. ಆ ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವರ ಕಣ್ಣು ಕಿಟಕಿಗೆ ಬಿತ್ತು.

"ಅಲ್ಲಮ್ಮಾ, ಪಟ್ಟದ ಗೊಂಬೆ ಅಗಲಿಸ್ತಾರಾ ಯಾರಾದ್ರೂ? ಗಂಡ ಹೆಂಡ್ತಿ ಒಂದೊಂದು ಕಡೆ ಆಗ್ಬಾರ್ದು."

"ನಾನಲ್ಲ ಆಂಟಿ, ಅವಳು ಇಟ್ಟಿದ್ದು."

"ಮಗು ಇಟ್ರೆ ನೀನು ಸರಿ ಮಾಡ್ಬೇಕಪ್ಪ" ಎನ್ನುತ್ತ ಅವರೇ ರಾಜನನ್ನು ತಂದು ರಾಣಿಯ ಪಕ್ಕದಲ್ಲಿ ನಿಲ್ಲಿಸಿದರು. ಗಂಡ ಹೆಂಡತಿ ಆಗಲೇ ಒಂದೊಂದು ಕಡೆ ಇದ್ದೇವೆ ಆಂಟಿ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ ಕೋಸಂಬರಿ ಕೊಟ್ಟೆ. ಅಷ್ಟು ಹೇಳಿಕೊಂಡ ಮೇಲೂ ನನಗೆ ಹೊಳೆಯಲಿಲ್ಲ ನೋಡಿ. ನನ್ನ ಕಲ್ಪನೆಯನ್ನು ಯಾರೂ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡಿರಲಿಲ್ಲ. ಮಾಡಿದ್ದರೆ ಫೇಲಾಗುತ್ತಿದ್ದೆ.

ಆ ಶುಕ್ರವಾರ ನಮ್ಮ ಯಜಮಾನರು ಬಂದರು. ಶನಿವಾರ ಬೆಳಿಗ್ಗೆ ನೋಡುತ್ತೇನೆ, ರಾಜ ತನ್ನ ಜಾಗದಲ್ಲೇ ಇದ್ದಾನೆ. ಕಾರ್ಪೆಟ್ಟಿನ ಮೇಲೆ ಸಾಲೂ ಇಲ್ಲ. ಭಾನುವಾರವೂ ಹಾಗೆಯೇ. ಅಬ್ಬಾ, ಕೊನೆಗೂ ಕಲಿತುಕೊಂಡಳಲ್ಲ ಎಂದು ಸಂತೋಷಪಟ್ಟೆ. ಅಪ್ಪ ಮಗಳಿಗೆ ಟಾಟಾ ಮಾಡಿ ಹೊರಟರು. ಅವಳು ಎಂದಿನಂತೆ ನೋಡಲೂ ಇಲ್ಲ. ಟ್ಯಾಕ್ಸಿ ತಿರುವು ದಾಟಿದ ಮೇಲೆ ಒಳಗೆ ಬಂದರೆ ರಾಜ ಮತ್ತೆ ಕಿಟಕಿಯಲ್ಲಿ. ಸಾಕಾಯಿತು ನನಗೆ. ಸರಿ ಮಾಡುವ ಶಕ್ತಿಯಿಲ್ಲದೆ ಹಾಗೇ ಬಿಟ್ಟೆ.

ಮಾರನೆಯ ದಿನ ಪಕ್ಕದ ಬೀದಿಯ ಗೆಳತಿ ಡ್ಯೂಟಿ ಮುಗಿಸಿ ಬಂದಳು. ಉಡುಪಿಯವಳು, ಮನೆಯಲ್ಲಿ ತುಳು, ಆಸ್ಪತ್ರೆಯಲ್ಲಿ ನರ್ಸು. ಗೊಂಬೆ ಕೂರಿಸುವ ಪದ್ಧತಿ ಅವಳ ಕಡೆ ಇಲ್ಲ. ಕಾಫಿ ಲೋಟ ಹಿಡಿದು ಸಾಲನ್ನು ದಾಟುತ್ತ ಅವಳು ನಕ್ಕಳು.

"ರಾಣಿ ಇಲ್ಲಿ, ರಾಜ ಎಂತಕ್ಕೆ ಮಾರಾಯ್ರೆ ಅಷ್ಟು ದೂರ? ಅವನಿಗೂ ಸಿಡ್ನಿಯಲ್ಲಿ ಕೆಲಸವಾ?"

ನಾನೂ ನಗಲು ಹೋದೆ, ಆಗಲಿಲ್ಲ. ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ಸಾಲನ್ನು ನೋಡಿದೆ. ರಾಣಿಯಿಂದ ಹೊರಟು ಒಂದರ ಹಿಂದೆ ಒಂದು, ರಸ್ತೆಯಲ್ಲಿ ಕಾರುಗಳ ಹಾಗೆ. ನಡುವೆ, ಪಕ್ಕದಲ್ಲಿ ಯಾರೂ ಇಲ್ಲದೆ, ಕುರಿ. ಗೌಲ್‌ಬರ್ನಿನ ಕುರಿ. ಅದನ್ನು ದಾಟಿ ಮುಂದೆ, ಸಾಲು ಮುಗಿಯುವಲ್ಲಿ, ಅವಳ ಅಪ್ಪ. ಶನಿವಾರ ಭಾನುವಾರ ಸಾಲು ಯಾಕಿರಲಿಲ್ಲ ಎನ್ನುವುದೂ ಆಗ ತಿಳಿಯಿತು. ಶಾಸ್ತ್ರ ಗೊತ್ತಿದ್ದ ನಾವೆಲ್ಲ ಜೋಡಿ ಒಡೆಯಬಾರದೆಂದು ಅವನನ್ನು ಎತ್ತಿ ಎತ್ತಿ ತರುತ್ತಿದ್ದೆವು. ಅವಳು ಇಲ್ಲ, ಅವನು ಇರುವುದು ಅಲ್ಲಿ ಎಂದು ಮತ್ತೆ ಒಯ್ದು ಇಡುತ್ತಿದ್ದಳು. ನಾನು ಕಾರ್ಪೆಟ್ಟಿನ ಮೇಲೆ ಕೂತುಬಿಟ್ಟೆ. ಗೆಳತಿ ಹೆದರಿ, "ಎಂತಾಯ್ತು, ಬಿಪಿ ನೋಡ್ಬೇಕಾ?" ಎಂದು ನನ್ನ ಕೈ ಹಿಡಿದಳು.

ಅವತ್ತು ಸಂಜೆ ಫೋನಿನಲ್ಲಿ ಯಜಮಾನರಿಗೆ ಇದನ್ನು ಹೇಳಿದೆ. "ಕುರೀನೂ ಇಟ್ಟಿದ್ದಾಳಾ?" ಎಂದು ಎರಡೆರಡು ಸಲ ಕೇಳಿದರು.

ಸಂತೋಷವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಸಂತೋಷದ ಬೆನ್ನಿಗೇ ಒಂದು ಕೊರಗು ಹತ್ತಿತು. ನಾಚಿಕೆಗೆಟ್ಟ ಕೊರಗು. ದೂರ ಇರುವ ಅಪ್ಪನಿಗೆ ಕಿಟಕಿ ಸಿಕ್ಕಿತು, ರಸ್ತೆ ಸಿಕ್ಕಿತು, ಕುರಿ ಸಿಕ್ಕಿತು. ದಿನವಿಡೀ ಕೈಗೆ ಸಿಗುವ ನಾನು? ರಾಣಿಯನ್ನು ಅವಳು ಒಂದು ದಿನವೂ ಮುಟ್ಟಿರಲಿಲ್ಲ. ನಾನು ಎಲ್ಲಿ ಇಟ್ಟಿದ್ದೆನೋ ಅಲ್ಲೇ ನಿಂತಿದ್ದಳು. ಗೋಡೆ, ಕಾರ್ಪೆಟ್ಟು, ರಾಣಿ. ಹೋಗಲಿ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೆ ಕೇಳುವ ಮನಸ್ಸೇ?

ದುರ್ಗಾಷ್ಟಮಿಯ ದಿನ ಸಂಜೆ ಆಂಟಿ ಇನ್ನೂ ಕೆಲವರನ್ನು ಕರೆದುಕೊಂಡು ಬರುವವರಿದ್ದರು. ಬೆಳಿಗ್ಗೆಯಿಂದ ಒಂದೇ ಸಮನೆ ನಿಂತಿದ್ದೆ. ಚಕ್ಕುಲಿ ಕರಿಯುವಾಗ ಎಣ್ಣೆಯ ಸದ್ದಿಗೆ ಮಗಳು ಕಿವಿ ಮುಚ್ಚಿಕೊಂಡು ಕಿರುಚಿದ್ದಳು. ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಒಂದು ಒಬ್ಬೆ ಕಪ್ಪಾಯಿತು. ಅನ್ನದ ತಟ್ಟೆ ನೆಲದ ಮೇಲಾಯಿತು, ಬಳಿದೆ. ಕಡಲೆ ಉಸ್ಲಿಗೆ ಒಗ್ಗರಣೆ ಹಾಕಿ, ಪಾತ್ರೆ ತೊಳೆದು, ಸಿಂಕಿನ ಅಂಚಿಗೆ ಎರಡೂ ಕೈ ಊರಿ ನಿಂತವಳಿಗೆ ಸೊಂಟ ನೆಟ್ಟಗಾಗಲಿಲ್ಲ. ನಲ್ಲಿ ಬಿಟ್ಟುಕೊಂಡು ಹಾಗೇ ತಲೆ ಬಗ್ಗಿಸಿ ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಯಾರೋ ನೋಡುತ್ತಿದ್ದಾರೆ ಎನ್ನಿಸಿ ತಿರುಗಿದೆ. ಮಗಳು ಅಡಿಗೆಮನೆಯ ಬಾಗಿಲಲ್ಲಿದ್ದಳು. ಎಂದಿನಂತೆ ನನ್ನನ್ನು ಬಿಟ್ಟು ಪಕ್ಕದಲ್ಲೆಲ್ಲೋ, ಫ್ರಿಜ್ಜಿನ ಕಡೆ ನೋಡುತ್ತಿದ್ದಳು. ನಾನು ಕಣ್ಣೊರೆಸಿಕೊಳ್ಳುವುದರೊಳಗೆ ಅಲ್ಲಿರಲಿಲ್ಲ.

ಸೀರೆ ಬದಲಾಯಿಸಿ ದೀಪ ಹಚ್ಚಲು ಹೊರಗೆ ಬಂದೆ. ಮೇಲಿನ ಮೆಟ್ಟಿಲಲ್ಲಿ ರಾಣಿ ನಿಂತಿರಲಿಲ್ಲ. ಮಲಗಿದ್ದಳು. ಕುತ್ತಿಗೆಯವರೆಗೂ ಹೊದಿಕೆ. ತುದಿಯನ್ನು ಕಾಲ ಕೆಳಗೆ ಮಡಚಿ, ಎರಡು ಬದಿಯಲ್ಲೂ ಒತ್ತಿ ಸಿಕ್ಕಿಸಿತ್ತು, ರಾತ್ರಿ ನಾನು ಅವಳಿಗೆ ಸಿಕ್ಕಿಸುವ ಹಾಗೆಯೇ. ಹೊದಿಕೆ ನನ್ನ ಹಳೆಯ ಸೀರೆಯ ಆ ತುಂಡು.

ಮಗಳು ಕಿಟಕಿಯ ಹತ್ತಿರ ಕೂತು ಕುರಿಯನ್ನು ನೇರ ಮಾಡುತ್ತಿದ್ದಳು. ಎರಡೂ ಕೈ ಬರಿದು. ಬಟ್ಟೆ ಒಗೆಯಲು ಹಾಕಿದಾಗ ಬಿಟ್ಟರೆ ಅವಳ ಕೈ ಹಾಗೆ ಬರಿದಾಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬೆಂಕಿಪೊಟ್ಟಣ ಹಿಡಿದುಕೊಂಡೇ ಅತ್ತೆ. ಅತ್ತು ಮೂಗು ಒರೆಸಿಕೊಳ್ಳುವಾಗಲೇ ಹೊರಗೆ ಕಾರುಗಳು ನಿಂತ ಸದ್ದಾಯಿತು.

ಆಂಟಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಕಾರ್ಪೆಟ್ಟಿನ ಮೇಲಿನ ಸಾಲನ್ನು ಜಾಗ್ರತೆಯಾಗಿ ದಾಟಿ, ಮೆಟ್ಟಿಲ ಮುಂದೆ ಬಂದು ನಿಂತುಬಿಟ್ಟರು.

"ಅಯ್ಯಯ್ಯೋ, ಏನಮ್ಮಾ ಇದು! ರಾಣೀನ ಮಲಗಿಸಿಬಿಟ್ಟಿದ್ದೀಯಲ್ಲ? ದಶಮಿ ಎಲ್ಲಾಯ್ತು ಇನ್ನೂ? ಮಲಗಿಸಿದ್ರೆ ಹಬ್ಬ ಮುಗಿದ ಹಾಗೆ ಕಣೇ. ಅದೇನು ಹಳೇ ಬಟ್ಟೆ ಬೇರೆ!" ಎನ್ನುತ್ತ ಕೈ ಚಾಚಿದರು.

ನಾನು ನಡುವೆ ಹೋಗಿ ನಿಂತೆ. "ಎಬ್ಬಿಸ್ಬೇಡಿ ಆಂಟಿ."

"ಆಂ?"

"ಮಲ್ಕೊಳ್ಳಲಿ. ತುಂಬಾ ಸುಸ್ತಾಗಿದೆ ಅವಳಿಗೆ."

ಹಿಂದೆ ಬಂದ ಹೆಂಗಸರು ಮುಖಮುಖ ನೋಡಿಕೊಂಡರು. ಆಂಟಿ ನನ್ನ ಮುಖ ನೋಡಿದರು, ಆ ಬಟ್ಟೆ ನೋಡಿದರು. ಮಗಳ ಕೈಯಲ್ಲಿ ಸದಾ ಇರುವ ಬಟ್ಟೆಯದು ಎಂದು ಅವರಿಗೂ ಗೊತ್ತಿತ್ತು. ಕಿಟಕಿಯ ಹತ್ತಿರ ಬೆನ್ನು ಮಾಡಿ ಕೂತವಳ ಕಡೆ ಒಮ್ಮೆ ತಿರುಗಿ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಮೂಗು ಎಳೆದುಕೊಂಡು, "ಸರಿ, ಹಾಡು ಮೆಲ್ಲಗೆ ಹೇಳೋಣ" ಎಂದರು. ಮಲಗಿದ ರಾಣಿಗೇ ಆರತಿಯಾಯಿತು. ಹಾಡು ಶುರುವಾದರೆ ಕಿವಿ ಮುಚ್ಚಿಕೊಂಡು ರೂಮಿಗೆ ಓಡುವ ಮಗಳು ಅವತ್ತು ಓಡಲಿಲ್ಲ.

ಎಲ್ಲರೂ ಚಕ್ಕುಲಿ ಕಟ್ಟಿಕೊಂಡು ಹೊರಟ ಮೇಲೆ ನಾನು ಪಾತ್ರೆಗಳನ್ನು ಹಾಗೇ ಬಿಟ್ಟು ಮೆಟ್ಟಿಲ ಪಕ್ಕ ಕಾರ್ಪೆಟ್ಟಿನ ಮೇಲೆ ಮಲಗಿದೆ. ಹೊರಗೆ ಇನ್ನೂ ಬೆಳಕಿತ್ತು. ಮಗಳು ಬಂದು, ಯಾರದೋ ಸೆರಗು ತಾಗಿ ಸರಿದಿದ್ದ ಹೊದಿಕೆಯನ್ನು ಎಳೆದು ರಾಣಿಯ ಭುಜ ಮುಚ್ಚಿದಳು. ಆಮೇಲೆ ನನ್ನನ್ನು ದಾಟಿಕೊಂಡು, ಸ್ಟೇಷನ್ನಿನ ಅನೌನ್ಸ್‌ಮೆಂಟನ್ನು ಗುನುಗುತ್ತ, ಕಿಟಕಿಯ ಕಡೆ ಹೋದಳು. ನನ್ನ ಕಡೆ ನೋಡಲಿಲ್ಲ. ನೋಡಿ ಆಗಿತ್ತು.